ಸೋಪ್ ಶಾಸ್ತ್ರಿಗಳ ಲೆಕ್ಕ

ಮದ್ದೂರು ಅಂದಕೂಡಲೇ ಎಲ್ಲರಿಗೂ ವಡೆ ನೆನಪಾಗುತ್ತೆ. ಅದು ಮಂಡ್ಯ ಜಿಲ್ಲೆಯ ಮದ್ದೂರು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆ ಹೊರಟರೆ ಬಂಡೀಪುರ ಕಾಡಿನ ಅಂಚಿನಲ್ಲಿ ಇನ್ನೊಂದು ಮದ್ದೂರು ಸಿಗುತ್ತೆ. ರಾತ್ರಿ 9ಕ್ಕೆ ಗೇಟ್ ಹಾಕುವ ಚೆಕ್‌ಪೋಸ್ಟ್ ಇರೋದರಿಂದ ವಯನಾಡಿಗೆ ಟ್ರಿಪ್ ಹೋಗುವವರಿಗೆ ಈ ಊರು ಗೊತ್ತು. ಬಂಡೀಪುರದ ಈ ಒಣ ಕಾಡಿನಲ್ಲಿ ತೇಗ, ಹೊನ್ನೆ, ಮತ್ತಿಗಳ ಜೊತೆ ಶ್ರೀಗಂಧವೂ ಬೆಳೆಯುತ್ತೆ. ಹಳೇ ಮೈಸೂರು ಸಂಸ್ಥಾನದ ಇಂಥ ಕಾಡುಗಳ ಗಂಧ ಸೋಪಾಗಿ ಮನೆಮನೆ ಸೇರಿದ್ದು ಒಬ್ಬ ಕೆಮಿಸ್ಟ್‌ನಿಂದ. ಅವರೇ ಸೋಸಲೆ ಗರಳಪುರಿ ಶಾಸ್ತ್ರಿ. ಜನ ಪ್ರೀತಿಯಿಂದ ಕರೆದದ್ದು ಸೋಪ್ ಶಾಸ್ತ್ರಿ ಅಂತ.

ಅವರ ಹೆಸರಿನಲ್ಲೇ ನಮ್ಮ ಸೀಮೆ ಇದೆ. ಸೋಸಲೆ ಇರುವುದು ತಿ. ನರಸೀಪುರದ ಹತ್ತಿರ. ಗರಳಪುರಿ ಅಂದರೆ ನಂಜನಗೂಡು. ಮೈಸೂರಿಂದ ಗುಂಡ್ಲುಪೇಟೆಗೆ ಬರುವವರು ದಾಟಿಯೇ ಬರಬೇಕಾದ ಊರು.

ಶಾಸ್ತ್ರಿಗಳ ಕೆಲಸ ಅರ್ಥವಾಗಬೇಕಾದರೆ ಮೊದಲನೇ ಮಹಾಯುದ್ಧಕ್ಕೆ ಹೋಗಬೇಕು. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷ ಅಂತ ಘೋಷಿಸಿದಾಗಿನಿಂದ ಮರ ಸರ್ಕಾರದ್ದೇ ಸ್ವತ್ತು. ಆದರೆ ಸರ್ಕಾರ ಮಾಡುತ್ತಿದ್ದದ್ದು ಇಷ್ಟೇ: ಮರ ಕಡಿಸೋದು, ಹರಾಜು ಹಾಕೋದು. ಕೊರಡು ಹಡಗು ಹತ್ತಿ ಯುರೋಪಿಗೆ, ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ ಅವರದು, ಲಾಭವೂ ಅವರದು. 1914ರಲ್ಲಿ ಯುದ್ಧ ಶುರುವಾದಾಗ ಆ ದಾರಿ ಮುಚ್ಚಿತು, ಮರ ಗೋದಾಮಿನಲ್ಲಿ ರಾಶಿ ಬಿತ್ತು.

ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನರು ವಿಶ್ವೇಶ್ವರಯ್ಯ. ಎಣ್ಣೆಯನ್ನು ಇಲ್ಲೇ ಯಾಕೆ ತೆಗೆಯಬಾರದು ಅನ್ನೋ ಪ್ರಶ್ನೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಇಂದಿನ ಐಐಎಸ್‌ಸಿಗೆ ಬಂತು. ಅಲ್ಲಿನ ಸಡ್‌ಬರೋ ಮತ್ತು ವಾಟ್ಸನ್ ಗಂಧದ ಚಕ್ಕೆಗೆ ಹಬೆ ಹಾಯಿಸಿ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ಈ ಸಡ್‌ಬರೋ ಇಂಡಿಯಾಗೆ ಬರೋ ಮುಂಚೆ ಆಮ್ಲವನ್ನು ಕ್ಯಾಟಲಿಸ್ಟ್ ಮಾಡಿಕೊಂಡು ಎಸ್ಟರ್ ಎಷ್ಟು ಬೇಗ ಕೂಡುತ್ತೆ ಅಂತ ಅಳೆದಿದ್ದವರು. ಗಂಧದೆಣ್ಣೆಯ ಗುಣ ಪರೀಕ್ಷಿಸೋದೂ ಎಸ್ಟರ್ ಮಾಡಿಯೇ: ಎಣ್ಣೆಯಲ್ಲಿರುವ ಸ್ಯಾಂಟಲಾಲನ್ನು ಅಸಿಟೇಟ್ ಮಾಡಿ, ಮತ್ತೆ ಕ್ಷಾರದಿಂದ ಒಡೆದು, ಎಷ್ಟಿತ್ತು ಅಂತ ಲೆಕ್ಕ ಹಾಕೋದು. ಪಿಯುಸಿಯಲ್ಲಿ ನಾವು ಉರುಹೊಡೆದ ರಿಯಾಕ್ಷನ್ನೇ.

ಎಣ್ಣೆಯೇನೋ ಬಂತು. ಆದರೆ ಎಣ್ಣೆಯನ್ನೂ ಡ್ರಮ್ಮಿಗೆ ತುಂಬಿ ಪರದೇಶಕ್ಕೆ ಕಳಿಸಿದರೆ ಕಥೆ ಅರ್ಧಕ್ಕೇ ನಿಂತ ಹಾಗೆ. ಇಲ್ಲಿಂದ ಮುಂದಿನದು ಶಾಸ್ತ್ರಿಗಳ ಪಾಲು. ಸಂಸ್ಥಾನ ಈ ತರುಣ ಕೆಮಿಸ್ಟನ್ನು ಆರಿಸಿ ಸೋಪು ತಯಾರಿಕೆ ಕಲಿಯಲು ಇಂಗ್ಲೆಂಡಿಗೆ ಕಳಿಸಿತು. ಕಲಿತು ಬಂದ ಅವರ ಮುಂದಿದ್ದ ಸಮಸ್ಯೆ ಸಣ್ಣದಲ್ಲ. ಸೋಪು ಆಗೋದೇ ಕೊಬ್ಬಿನ ಎಸ್ಟರನ್ನು ಕ್ಷಾರ ಒಡೆದಾಗ. ಅದೇ ಕ್ಷಾರ ಎಷ್ಟೋ ಸುಗಂಧಗಳನ್ನೂ ಒಡೆದುಹಾಕುತ್ತೆ. ಗಂಧದೆಣ್ಣೆಯ ಭಾಗ್ಯ ಏನಂದರೆ, ಸುಮಾರು 90 ಪಾಲು ಇರುವ ಸ್ಯಾಂಟಲಾಲ್ ಒಂದು ಆಲ್ಕೋಹಾಲ್. ಕ್ಷಾರಕ್ಕೆ ಅದು ಸುಲಭಕ್ಕೆ ಜಗ್ಗಲ್ಲ. ಅಣು ಭಾರವಾದ್ದರಿಂದ ಬೇಗ ಆವಿಯೂ ಆಗಲ್ಲ, ಅದಕ್ಕೇ ಪರಿಮಳ ಬಿಲ್ಲೆ ಸವೆಯುವ ತನಕ ಉಳಿಯುತ್ತೆ. ಆದರೂ ಕುದಿಯುವ ಬಾನಿಗೆ ಇಷ್ಟು ದುಬಾರಿ ಎಣ್ಣೆ ಸುರಿಯೋಕಾಗುತ್ತಾ? ಸೋಪು ಒಣಗಿದ ಮೇಲೆ ಹದ ನೋಡಿ ಬೆರೆಸಬೇಕು, ಬ್ಯಾಚಿನಿಂದ ಬ್ಯಾಚಿಗೆ ಪರಿಮಳ ಬದಲಾಗಬಾರದು. ಶುದ್ಧ ಗಂಧದೆಣ್ಣೆಯನ್ನು ಸೋಪಿಗೆ ಸೇರಿಸುವ ಆ ವಿಧಾನವನ್ನು ಒಂದು ಅಳತೆಗೆ ತಂದು ನಿಲ್ಲಿಸಿದವರು ಶಾಸ್ತ್ರಿಗಳು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆಯ ಕೆಲಸ ಶುರುವಾಯ್ತು.

ಲ್ಯಾಬಿನಿಂದ ಆಚೆಗೂ ಅವರ ಕಣ್ಣು ಇತ್ತು. ಉಳಿದ ಸೋಪುಗಳು ಇಟ್ಟಿಗೆಯ ಹಾಗೆ ಚೌಕವಾಗಿದ್ದಾಗ ಇದು ಮೊಟ್ಟೆಯಾಕಾರ ಪಡೆಯಿತು. ಒಡವೆಯ ಹಾಗೆ ಡಬ್ಬಿಯಲ್ಲಿ ಕೂತಿತು. ಸಿಂಹದ ಮೈ, ಆನೆಯ ಮುಖದ ಶರಭ ಗುರುತಾಗಿ ಬಂತು. ಇದನ್ನೆಲ್ಲ ಆರಿಸಿದ್ದೂ ಶಾಸ್ತ್ರಿಗಳೇ ಅಂತ ಕಾರ್ಖಾನೆಯ ಕಥೆ ಹೇಳುವವರೆಲ್ಲ ನೆನೆಯುತ್ತಾರೆ. ಮುಂದೆ ಅವರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರೂ ಆದರು. ಕಾರ್ಖಾನೆ 1957ರಲ್ಲಿ ರಾಜಾಜಿನಗರಕ್ಕೆ ಹೋಯ್ತು. ಸೋಪಿಗೆ 2006ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹೆಸರು ಮಾತ್ರ ಅದೇ, ಮೈಸೂರ್ ಸ್ಯಾಂಡಲ್.

ಸೋಪು ಉಳಿಯಿತು, ಸರಿ. ಮರ? ಸ್ಪೈಕ್ ರೋಗ ಬಂತು, ಕಳ್ಳಸಾಗಣೆ ಬಂತು. ನಮ್ಮ ಚಾಮರಾಜನಗರ ಜಿಲ್ಲೆಗೆ ವೀರಪ್ಪನ್ ಕಾಲ ಏನಂತ ಯಾರೂ ಹೇಳಿಕೊಡಬೇಕಿಲ್ಲ. 2001ರ ಕಾನೂನು ತಿದ್ದುಪಡಿ ಬರೋವರೆಗೂ ಹೊಲದಲ್ಲಿ ಹುಟ್ಟಿದ ಗಂಧ ರೈತನದ್ದಲ್ಲ, ಸರ್ಕಾರದ್ದು. ಹಾಗಿದ್ದ ಮೇಲೆ ಯಾರು ತಾನೇ ಬೆಳೆಸುತ್ತಾರೆ? ಅತ್ತ ಆಸ್ಟ್ರೇಲಿಯದಲ್ಲಿ ನಮ್ಮದೇ ಜಾತಿಯ ಗಂಧದ ತೋಟಗಳು ಎದ್ದಿವೆ. ಕೆಮಿಸ್ಟ್ರಿ ಇವತ್ತು ಎಲ್ಲಿಗೋ ಹೋಗಿದೆ. ಯಾವುದಕ್ಕೂ ಬೆರೆಯಲ್ಲ ಅಂತ ಬಿಟ್ಟಿದ್ದ ಚಿನ್ನವನ್ನೇ ಕ್ಯಾಟಲಿಸ್ಟ್ ಮಾಡಿಕೊಂಡು ಹೊಸ ಅಣು ಕಟ್ಟುತ್ತಾರೆ. ಸ್ಯಾಂಟಲಾಲನ್ನೂ ಲ್ಯಾಬಿನಲ್ಲಿ ಕಟ್ಟಬಹುದು. ಆದರೆ ಹಂತ ಜಾಸ್ತಿ, ಖರ್ಚು ಜಾಸ್ತಿ. ಮರವೋ, ಪಕ್ಕದ ಗಿಡದ ಬೇರಿಗೆ ಬೇರು ಕೊಟ್ಟು, ಹತ್ತಾರು ವರ್ಷ ಸುಮ್ಮನೆ ನಿಂತು ಅದನ್ನೇ ಕಟ್ಟುತ್ತೆ.

ಮರ ಇದೆ, ಸೋಪು ಹೇಗೆ ಅನ್ನೋದು ಶಾಸ್ತ್ರಿಗಳು ಬಿಡಿಸಿದ ಲೆಕ್ಕ. ಸೋಪು ಗೊತ್ತು, ಮರ ಎಲ್ಲಿ ಅನ್ನೋದು ನಮ್ಮ ಪಾಲಿಗೆ ಬಿಟ್ಟಿರೋ ಲೆಕ್ಕ.