ಫಲಕಕ್ಕೆ ಸಿಕ್ಕದ ಅರ್ಧ

ಪ್ರೊಫೆಸರ್ ಜಿ. ಎನ್. ರಾಮಚಂದ್ರನ್ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಪ್ರೋಟೀನುಗಳ ರಚನೆಯನ್ನು ಪರೀಕ್ಷಿಸುವ, 1963ರಲ್ಲಿ ಪ್ರಕಟವಾದ, ಅವರ ಹೆಸರಿನ ನಕ್ಷೆ. ಆ ಕೀರ್ತಿಯ ಮರೆಯಲ್ಲಿ ಅವರು ಬಹುಕಾಲ ಹೆಣಗಿದ ಇನ್ನೊಂದು ಸಮಸ್ಯೆ ಉಂಟು.

ಎರ್ನಾಕುಲಂನಲ್ಲಿ 1922ರಲ್ಲಿ ಜನಿಸಿದ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು. ಸರ್ ಸಿ. ವಿ. ರಾಮನ್ನರ ದೃಷ್ಟಿ ಆ ತರುಣನ ಮೇಲೆ ಬಿತ್ತು. ಭೌತಶಾಸ್ತ್ರಕ್ಕೆ ಒಬ್ಬ ಸಾಧಕ ದೊರೆತ. ಕೇಂಬ್ರಿಜ್‌ನಲ್ಲಿ ಎರಡು ವರ್ಷ ಕಲಿತು 1949ರಲ್ಲಿ ಬೆಂಗಳೂರಿಗೆ ಮರಳಿದ ರಾಮಚಂದ್ರನ್, 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಹರಳಿನ ಮೂಲಕ ಹಾಯ್ದ ಕ್ಷ-ಕಿರಣ ಹಲವು ಅಲೆಗಳಾಗಿ ಚೆದರಿ ಛಾಯಾಫಲಕದ ಮೇಲೆ ಚುಕ್ಕೆಗಳನ್ನು ಮೂಡಿಸುತ್ತದೆ. ಚುಕ್ಕೆಯ ಕಪ್ಪು ಅಲೆಯ ಎತ್ತರವನ್ನು ತಿಳಿಸೀತು. ಒಂದು ಅಲೆಯ ಉಬ್ಬು ಮತ್ತೊಂದರದಕ್ಕಿಂತ ಎಷ್ಟು ಮುಂದೆ, ಎಷ್ಟು ಹಿಂದೆ ಇತ್ತೆಂಬುದನ್ನು ತಿಳಿಸದು. ಈ ಸ್ಥಾನಭೇದಕ್ಕೆ ಪ್ರಾವಸ್ಥೆಯೆಂದು ಹೆಸರು. ಫೂರಿಯೆಯ ಗಣಿತದಿಂದ ಅಲೆಗಳನ್ನು ಕೂಡಿಸಿ ಪರಮಾಣುಗಳ ಚಿತ್ರ ಬರೆಯಲು ಎತ್ತರವೂ ಬೇಕು, ಪ್ರಾವಸ್ಥೆಯೂ ಬೇಕು. ಫಲಕ ಕೊಡುವುದು ಅರ್ಧವನ್ನು ಮಾತ್ರ.

ಉಳಿದರ್ಧಕ್ಕಾಗಿ ರಾಮಚಂದ್ರನ್ ಬಗೆಬಗೆಯ ದಾರಿ ತುಳಿದರು. 1954ರಲ್ಲಿ ಗೋಪಿನಾಥ ಕರ್ತಾ ಅವರೊಡನೆ ಮಾದರಿಯನ್ನೇ ಕಟ್ಟಿ, ಚುಕ್ಕೆಗಳೊಡನೆ ತಾಳೆ ನೋಡಿ, ಚರ್ಮ ಮತ್ತು ಸ್ನಾಯುರಜ್ಜುಗಳ ಕಾಲಜನ್ ಮೂರೆಳೆಯ ಹುರಿಯೆಂದು ಸಾರಿದರು. 1956ರಲ್ಲಿ ಎಸ್. ರಾಮನ್ ಅವರ ಜೊತೆಗೂಡಿ, ಭಾರವಾದ ಪರಮಾಣುವಿನಿಂದ ಜೋಡಿ ಚುಕ್ಕೆಗಳ ನಡುವೆ ಉಂಟಾಗುವ ಅಲ್ಪ ವ್ಯತ್ಯಾಸದಿಂದ ಪ್ರಾವಸ್ಥೆಯನ್ನು ಲೆಕ್ಕಹಾಕುವ ವಿಧಾನವನ್ನು ನಿರೂಪಿಸಿದರು.

1961ರಲ್ಲಿ ಆರ್. ಶ್ರೀನಿವಾಸನ್ ಅವರೊಡನೆ ಪ್ರಕಟಿಸಿದ ಫಲಿತಾಂಶವಂತೂ ಬೆರಗಿನದು. ಒಂದು ಹರಳಿನ ಎತ್ತರಗಳಿಗೆ ಇನ್ನೊಂದರ ಪ್ರಾವಸ್ಥೆಗಳನ್ನು ಬೆಸೆದಾಗ ಮೂಡಿದ ಚಿತ್ರ, ಪ್ರಾವಸ್ಥೆಯನ್ನು ಸಾಲಕೊಟ್ಟ ಹರಳನ್ನೇ ಹೋಲುತ್ತಿತ್ತು! ಅಳೆದದ್ದು ಒಂದನ್ನು, ಕಂಡದ್ದು ಮತ್ತೊಂದನ್ನು. ಕಳೆದುಹೋದ ಅರ್ಧವೇ ಹಿರಿದೆಂದು ಹೀಗೆ ಸಿದ್ಧವಾಯಿತು.

1971ರ ವೇಳೆಗೆ ಅವರು ಮತ್ತೆ ಬೆಂಗಳೂರಿನಲ್ಲಿದ್ದರು. ಅಲ್ಲಿನ ಅಣುಜೀವಭೌತಶಾಸ್ತ್ರ ವಿಭಾಗ ಅವರು ಕಟ್ಟಿದ್ದು. ಪಾರ್ಕಿನ್ಸನ್ ರೋಗದಿಂದ ಬಳಲಿ 2001ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ ತೀರಿಕೊಂಡರು.

ಇಂದು ಗಣಕಯಂತ್ರ ಊಹಿಸಿಕೊಟ್ಟ ಪ್ರೋಟೀನಿನ ಮಾದರಿಯಿಂದಲೇ ಪ್ರಾವಸ್ಥೆಯನ್ನು ಎರವಲು ಪಡೆಯುವುದು ರೂಢಿಗೆ ಬಂದಿದೆ. ಕೆಲಸ ಸುಲಭವಾದಷ್ಟೂ 1961ರ ಆ ಪಾಠದ ಬೆಲೆ ಏರುತ್ತದೆ: ಊಹೆಯನ್ನು ಒಳಗಿಟ್ಟು ನೋಡಿದವನಿಗೆ ಊಹೆಯೇ ಸತ್ಯದ ವೇಷದಲ್ಲಿ ಎದುರಾದೀತು. ಚಿತ್ರ ಸ್ಫುಟವಾಗಿದ್ದರೆ ಸಾಲದು, ಅದನ್ನು ಬೇರೆ ಸಾಕ್ಷ್ಯದಿಂದ ಒರೆಗೆ ಹಚ್ಚಬೇಕು.