ಮರಿಯಾ ಗೊಪ್ಪರ್ಟ್ ಮೇಯರ್

ಇಂದು ಪೋಲೆಂಡಿಗೆ ಸೇರಿರುವ ಕಾಟೊವಿಟ್ಸೆ ನಗರವು ಹಿಂದೆ ಜರ್ಮನಿಯಲ್ಲಿತ್ತು. ಗಡಿಗಳು ಸರಿದಾಡುವ ಸಂಗತಿ ಗಡಿನಾಡಿನವರಾದ ನಮಗೆ ಹೊಸದೇನಲ್ಲ. ಆ ಊರಿನಲ್ಲಿ 1906ನೆಯ ಇಸವಿ ಜೂನ್ 28ರಂದು ಮರಿಯಾ ಗೊಪ್ಪರ್ಟ್ ಜನಿಸಿದರು. ತಂದೆ ಮಕ್ಕಳ ವೈದ್ಯರು. ಅವರ ವಂಶದಲ್ಲಿ ತಲೆಮಾರುಗಳಿಂದ ಪ್ರಾಧ್ಯಾಪಕರೇ ಆಗಿಬಂದಿದ್ದರು. 1910ರಲ್ಲಿ ಸಂಸಾರ ಗಟಿಂಗೆನ್ ನಗರಕ್ಕೆ ಬಂದು ನೆಲಸಿತು. ಇದ್ದೊಬ್ಬ ಮಗಳು ಬರಿಯ ಮನೆವಾರ್ತೆಗೆ ಸೀಮಿತಳಾಗಬಾರದೆಂಬುದು ತಂದೆಯ ಆಸೆಯಾಗಿತ್ತು.

ಹುಡುಗಿಯರನ್ನು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಅಣಿಗೊಳಿಸುತ್ತಿದ್ದ ಶಾಲೆ ಹಣದ ಮುಗ್ಗಟ್ಟಿನಿಂದ ಮುಚ್ಚಿಹೋಯಿತು. ಮರಿಯಾ ಎದೆಗುಂದದೆ ಒಂದು ವರ್ಷ ಮೊದಲೇ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. 1924ರಲ್ಲಿ ಗಣಿತ ಓದಲು ಸೇರಿದವರು ಮ್ಯಾಕ್ಸ್ ಬಾರ್ನ್ ಅವರ ಪ್ರಭಾವದಿಂದ ಭೌತವಿಜ್ಞಾನದತ್ತ ತಿರುಗಿದರು. 1930ರಲ್ಲಿ ಡಾಕ್ಟರೇಟ್ ಪಡೆದರು.

ಆ ಪ್ರೌಢಪ್ರಬಂಧದ ವಿಷಯ ಹೀಗಿದೆ. ಬೆಳಕು ಫೋಟಾನುಗಳೆಂಬ ಶಕ್ತಿಯ ಪೊಟ್ಟಣಗಳಾಗಿ ಬರುತ್ತದೆ. ಪರಮಾಣುವು ಒಮ್ಮೆಗೆ ಒಂದು ಫೋಟಾನನ್ನು ಹೀರುವುದು ವಾಡಿಕೆ. ಎರಡನ್ನು ಒಟ್ಟಿಗೇ ಹೀರಲೂ ಸಾಧ್ಯವೆಂದು ಮರಿಯಾ ಲೆಕ್ಕ ಹಾಕಿ ತೋರಿಸಿದರು. ನಮ್ಮೂರ ತೇರನ್ನೇ ನೋಡಿರಿ. ಒಬ್ಬರಾದ ಮೇಲೊಬ್ಬರು ಬಂದು ಎಳೆದರೆ ಅದು ಕದಲದು. ಎಲ್ಲರೂ ಏಕಕಾಲಕ್ಕೆ ಹಗ್ಗ ಜಗ್ಗಬೇಕು. ಫೋಟಾನುಗಳು ಹಾಗೆ ಒಟ್ಟುಗೂಡಬೇಕಾದರೆ ಬೆಳಕು ಅತ್ಯಂತ ತೀವ್ರವಾಗಿರಬೇಕು. ಅಂತಹ ಬೆಳಕು ಅಂದು ಯಾವ ಪ್ರಯೋಗಶಾಲೆಯಲ್ಲಿಯೂ ಇರಲಿಲ್ಲ. ಲೆಕ್ಕ ಕಾಗದದಲ್ಲಿಯೇ ಉಳಿಯಿತು.

ಅದೇ ವರ್ಷ ಅಮೆರಿಕದ ರಸಾಯನವಿಜ್ಞಾನಿ ಜೋಸೆಫ್ ಮೇಯರ್ ಅವರನ್ನು ವಿವಾಹವಾಗಿ ಆ ದೇಶಕ್ಕೆ ತೆರಳಿದರು. ಪತಿಗೆ ಕೆಲಸವಿದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪತ್ನಿಗೂ ಹುದ್ದೆ ಕೊಡಲು ನಿಯಮ ಅಡ್ಡಬಂತು. 1946ರಲ್ಲಿ ಷಿಕಾಗೋ ವಿಶ್ವವಿದ್ಯಾಲಯವು ಪ್ರಾಧ್ಯಾಪಕಿಯೆಂಬ ಹೆಸರನ್ನು ಕೊಟ್ಟಿತು, ಸಂಬಳವನ್ನು ಕೊಡಲಿಲ್ಲ! ಪೂರ್ಣ ವೇತನದ ಪ್ರಾಧ್ಯಾಪಕ ಹುದ್ದೆ ಕ್ಯಾಲಿಫೋರ್ನಿಯಾದಲ್ಲಿ ದೊರೆತದ್ದು 1960ರಲ್ಲಿ, ಐವತ್ತು ದಾಟಿದ ಮೇಲೆ. ಪ್ರತಿಭೆಗೆ ಸಂದ ಈ ಉಪೇಕ್ಷೆ ನಮಗೆ ಅನ್ಯಾಯವೆಂದೇ ತೋರುತ್ತದೆ.

ಅದೇ 1960ರಲ್ಲಿ ಮೈಮನ್ ಎಂಬವರು ಮೊದಲ ಲೇಸರನ್ನು ಬೆಳಗಿಸಿದರು. ಮರುವರ್ಷ ಕೈಸರ್ ಮತ್ತು ಗ್ಯಾರೆಟ್ ಅದರ ಕೆಂಪು ಬೆಳಕನ್ನು ಒಂದು ಹರಳಿನ ಮೇಲೆ ಹಾಯಿಸಿದಾಗ ನೀಲಿ ಬೆಳಕು ಹೊಮ್ಮಿತು. ಎರಡೆರಡು ಕೆಂಪು ಫೋಟಾನುಗಳು ಕೂಡದೆ ಅದು ಸಾಧ್ಯವಿರಲಿಲ್ಲ. ಮೂವತ್ತು ವರ್ಷಗಳ ಹಿಂದಿನ ಲೆಕ್ಕ ನಿಜವಾಯಿತು.

ಎರಡು ಕೂಡುವುದಾದರೆ ಏಳೇಕೆ ಕೂಡಬಾರದು? ಕ್ಸೆನಾನ್ ಅನಿಲದ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಅದನ್ನು ಅಯಾನನ್ನಾಗಿಸಲು 12.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಮಾಣಿಕ್ಯದ ಲೇಸರಿನ ಒಂದು ಫೋಟಾನಿನಲ್ಲಿರುವುದು ಸುಮಾರು 1.8 ಮಾತ್ರ. 1965ರಲ್ಲಿ ಸೋವಿಯತ್ ವಿಜ್ಞಾನಿಗಳಾದ ವೊರೊನೊವ್ ಮತ್ತು ದೆಲೋನೆ ಏಳು ಫೋಟಾನುಗಳ ಒಟ್ಟು ಬಲದಿಂದ ಅದನ್ನು ಸಾಧಿಸಿದರು.

ಇದಕ್ಕೂ ಮೊದಲೇ, 1963ರಲ್ಲಿ, ಇನ್ನೊಂದು ಸೋಜಿಗ ಕಂಡಿತ್ತು. ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಿರಿದಾದ ಲೇಸರ್ ಸ್ಪಂದವನ್ನು ಮಸೂರದಿಂದ ಒಂದು ಬಿಂದುವಿಗೆ ಕೂಡಿಸಿದಾಗ ಬರಿಯ ಗಾಳಿಯಲ್ಲಿಯೇ ಕಿಡಿ ಹಾರಿತು. ಮೊದಲು ಬಿಡುಗಡೆಯಾದ ಕೆಲವೇ ಎಲೆಕ್ಟ್ರಾನುಗಳು ಪರಮಾಣುಗಳಿಗೆ ತಾಗುತ್ತ ತಾಗುತ್ತ ಬೆಳಕಿನಿಂದ ಶಕ್ತಿ ಪಡೆಯುತ್ತವೆ. ಸಾಕಷ್ಟು ಶಕ್ತಿ ಬಂದೊಡನೆ ಒಂದೊಂದೂ ಇನ್ನೊಂದನ್ನು ಹೊರಕ್ಕೆ ತಳ್ಳುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಕ್ಷಣಾರ್ಧದಲ್ಲಿ ಮಹಾಪೂರವೇ ಆಗುತ್ತದೆ. ವಿದ್ಯುತ್ತನ್ನು ಹರಿಯಗೊಡದಿದ್ದ ಗಾಳಿ ಪ್ಲಾಸ್ಮಾ ಆಗಿ, ಉಳಿದ ಬೆಳಕನ್ನೂ ಹೀರಿ ಕಾದು, ಫಟ್ಟೆಂದು ಹಿಗ್ಗುತ್ತದೆ. ವಿರಳವಾದ ಅನಿಲದಲ್ಲಿ ಡಿಕ್ಕಿಗಳು ಅಪರೂಪ. ಅಲ್ಲಿ ಫೋಟಾನುಗಳ ಕೂಟವೇ ಮುಖ್ಯ.

ಆ 1963ರಲ್ಲಿಯೇ ಮರಿಯಾ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಈ ಕಾರ್ಯಕ್ಕಲ್ಲ, ಪರಮಾಣುವಿನ ಬೀಜಕೇಂದ್ರವು ಕವಚಗಳಂತೆ ರಚಿತವಾಗಿದೆಯೆಂಬ ಸಿದ್ಧಾಂತಕ್ಕಾಗಿ. ಭೌತವಿಜ್ಞಾನದಲ್ಲಿ ಮೇರಿ ಕ್ಯೂರಿಯವರ ತರುವಾಯ ಆ ಗೌರವ ಪಡೆದ ಎರಡನೆಯ ಮಹಿಳೆ ಅವರು. 1960ರಲ್ಲಿಯೇ ಪಾರ್ಶ್ವವಾಯು ಬಡಿದಿದ್ದರೂ ಬೋಧನೆ, ಸಂಶೋಧನೆಗಳನ್ನು ಬಿಡಲಿಲ್ಲ. 1972ರ ಫೆಬ್ರವರಿ 20ರಂದು ಸಾನ್ ಡಿಯಾಗೋದಲ್ಲಿ ನಿಧನ ಹೊಂದಿದರು. ಒಂದು ವಸ್ತು ಎರಡು ಫೋಟಾನುಗಳನ್ನು ಒಟ್ಟಿಗೆ ಹೀರುವ ಸಾಮರ್ಥ್ಯವನ್ನು ಅಳೆಯುವ ಮಾನಕ್ಕೆ ಗೊಪ್ಪರ್ಟ್-ಮೇಯರ್ ಎಂದೇ ಹೆಸರು.