ಹಕ್ಕಿಗಳ ಗೆಳೆಯ ಡಾ. ಸಲೀಂ ಅಲಿ

ರಂಗನತಿಟ್ಟು ಪಕ್ಷಿಧಾಮದ ಹೆಸರು ನಮಗೆಲ್ಲ ಗೊತ್ತು. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಅದು ಆಗಲು ಕಾರಣರಾದವರು ಡಾ. ಸಲೀಂ ಅಲಿ. ಅವರ ಜೀವನದ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ.

ಸಲೀಂ ಅಲಿಯವರು 1896ನೇ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ಚಿಕ್ಕ ಮಗುವಾಗಿದ್ದಾಗಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದರು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಗುಬ್ಬಿ ಹೊಡೆಯೋದು ಅಂದ್ರೆ ಅವರಿಗೆ ಬಲು ಇಷ್ಟ. ಒಂದು ಸಲ ಹೊಡೆದ ಗುಬ್ಬಿಯ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಹಕ್ಕಿ ಅಂತ ಮಾವನನ್ನು ಕೇಳಿದರು. ಮಾವನಿಗೂ ಗೊತ್ತಿರಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋಗಿ ಕೇಳು ಅಂತ ಕಳಿಸಿದರು. ಅಲ್ಲಿದ್ದ ಮಿಲ್ಲರ್ಡ್ ಎಂಬ ಸಾಹೇಬರು ಚಿಕ್ಕ ಹುಡುಗ ಅಂತ ಓಡಿಸಲಿಲ್ಲ. ಹಕ್ಕಿಯ ಹೆಸರು ಹೇಳಿ, ಅಲ್ಲಿ ಕೂಡಿಟ್ಟಿದ್ದ ಬೇರೆ ಬೇರೆ ಹಕ್ಕಿಗಳನ್ನೂ ತೋರಿಸಿದರು. ಅವತ್ತಿನಿಂದ ಸಲೀಂ ಅಲಿಗೆ ಹಕ್ಕಿಗಳ ಹುಚ್ಚು ಹತ್ತಿತು.

1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಅವರಿಗೆ ಕೆಲಸ ಸಿಕ್ಕಿತು. ನೋಡಲು ಬಂದ ಜನರಿಗೆ ವಿವರಿಸಿ ಹೇಳುವುದೇ ಆ ಕೆಲಸ. ಆಮೇಲೆ ಜರ್ಮನಿಗೆ ಹೋಗಿ ಹಕ್ಕಿಗಳ ಬಗ್ಗೆ ಕಲಿತು ಬಂದರು. ಬಂದು ನೋಡಿದರೆ ಹಣವಿಲ್ಲ ಅಂತ ಆ ಕೆಲಸವನ್ನೇ ತೆಗೆದುಹಾಕಿದ್ದರು! ದೊಡ್ಡ ಡಿಗ್ರಿ ಇಲ್ಲದ್ದರಿಂದ ಬೇರೆ ಕೆಲಸವೂ ಸಿಗಲಿಲ್ಲ.

ಆದರೂ ಅವರು ಎದೆಗುಂದಲಿಲ್ಲ. ಕಿಹಿಂ ಎಂಬ ಸಮುದ್ರ ದಡದ ಹಳ್ಳಿಗೆ ಹೋಗಿ ಗೀಜಗನ ಗೂಡುಗಳನ್ನು ನೋಡ್ತಾ ಕೂತರು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟುತ್ತದೆ. ಹೆಣ್ಣು ಬಂದು ಒಳಗೆಲ್ಲ ನೋಡುತ್ತದೆ. ಒಪ್ಪಿದರೆ ಮಾತ್ರ ಗಂಡು ಗೂಡನ್ನು ಪೂರ್ತಿ ಮಾಡುತ್ತದೆ. ಆಮೇಲೆ ಇನ್ನೊಂದು ಗೂಡು ಶುರು ಮಾಡುತ್ತದೆ. ಇದನ್ನೆಲ್ಲ ಅವರು ಬರೆದಿಟ್ಟರು. ನಮ್ಮೂರ ಬಾವಿ ಹತ್ತಿರ ತೂಗಾಡುವ ಅರ್ಧ ಗೂಡುಗಳ ಗುಟ್ಟು ಇದೇ.

1939ರಲ್ಲಿ ಅವರ ಹೆಂಡತಿ ತೆಹ್ಮಿನಾ ತೀರಿಕೊಂಡರು. ಆ ದುಃಖದಲ್ಲೂ ಅವರು ಕೆಲಸ ಬಿಡಲಿಲ್ಲ. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಗುರುತಿಸಲು ನಮ್ಮ ಕಡೆಗೆ ಬಂದರು. ಕಾವೇರಿ ನದಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟಿದ್ದನ್ನು ಕಂಡರು. ಇದನ್ನು ಕಾಪಾಡಬೇಕು ಅಂತ ಮಹಾರಾಜರಿಗೆ ತಿಳಿಸಿ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಅವರ ಪುಸ್ತಕ ಬಂತು. ಸಾಮಾನ್ಯ ಜನರೂ ಅದನ್ನು ನೋಡಿ ಹಕ್ಕಿ ಗುರುತಿಸಲು ಕಲಿತರು. ಸರ್ಕಾರ ಅವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಕೊಟ್ಟಿತು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ಅವರು ಕಾಲವಾದರು.

ಪಕ್ಕದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಮುಂದಿನ ಹುಣಸೆ ಮರಗಳಲ್ಲೇ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಊರ ಜನ ಅವುಗಳನ್ನು ತಮ್ಮ ಮನೆಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಅಲ್ಲಿ ಆಗುವುದು ನಮ್ಮ ಬಂಡೂರಿನಲ್ಲಿ ಯಾಕೆ ಆಗಬಾರದು?

ಗೆಳೆಯರೇ, ಹಕ್ಕಿ ಹೊಡೆಯುತ್ತಿದ್ದ ಹುಡುಗನೇ ಮುಂದೆ ಹಕ್ಕಿ ಕಾಯುವ ದೊಡ್ಡ ಮನುಷ್ಯನಾದ. ನಾವೂ ಕ್ಯಾಟರ್‌ಬಿಲ್ಲು ಮೂಲೆಗಿಟ್ಟು, ಗೂಡು ಕೀಳದೆ, ಸುಮ್ಮನೆ ಕೂತು ನೋಡೋಣ. ನೋಡಿದ್ದನ್ನು ಮನೆಯವರಿಗೂ ಹೇಳೋಣ.